ಕೈಕೂಸಿನ ಮನೆ, ಕರೆಯುವ ಹಸು, ಹದ ತಪ್ಪಿದ ಮಳೆ



2022ರಲ್ಲಿ ನಿಮ್ಮ ಮನೆಯಲ್ಲಿ ಒಂದು ಮಗು ಹುಟ್ಟಿದ್ದರೆ, ಅದು ಮೂರು ವರ್ಷ ತುಂಬುವಷ್ಟರಲ್ಲಿ ಏನೇನು ಕಂಡಿತು ಎಂದು ಒಮ್ಮೆ ಎಣಿಸಿ ನೋಡಿ. ಹುಟ್ಟಿದ ವರ್ಷ ಬೆಂಗಳೂರಿನಲ್ಲಿ 1,900 ಮಿಲಿಮೀಟರಿಗೂ ಹೆಚ್ಚು ಮಳೆ. ಸಾಮಾನ್ಯ ವರ್ಷದಲ್ಲಿ ಇಲ್ಲಿ ಬೀಳುವುದು ಸಾವಿರದ ಆಸುಪಾಸು ಮಾತ್ರ. ಮರುವರ್ಷ, 2023ರ ಮೇ ತಿಂಗಳೊಂದರಲ್ಲೇ 300 ಮಿ.ಮೀ. ದಾಟಿತು. ಈ ಸಲ ಕೆರೆಗಳೆಲ್ಲ ಕೋಡಿ ಬೀಳುತ್ತವೆ ಎಂದು ಹಿರಿಯರು ಹೇಳಿದ್ದೇ ಬಂತು, ಆಗಸ್ಟ್ ತಿಂಗಳು ಒಣಗಿಹೋಯಿತು. ಆ ವರ್ಷ ಮುಗಿಯುವ ಮೊದಲೇ ರಾಜ್ಯದ 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತವೆಂದು ಘೋಷಿಸಬೇಕಾಯಿತು. 2024ರ ಏಪ್ರಿಲ್‌ನಲ್ಲಿ ನಗರದಲ್ಲಿ ಅಳೆಯುವಷ್ಟು ಮಳೆಯೇ ಇಲ್ಲ, ಉಷ್ಣಾಂಶ 38 ಡಿಗ್ರಿ ದಾಟಿತು. ಅದಾಗಿ ಐದು ವಾರಕ್ಕೆ, ಜೂನ್ 2ರಂದು ಒಂದೇ ದಿನ 111 ಮಿ.ಮೀ. ಸುರಿಯಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಯಲಹಂಕದ ಕೇಂದ್ರೀಯ ವಿಹಾರದ ನಿವಾಸಿಗಳನ್ನು ದೋಣಿಯಲ್ಲಿ ಹೊರತರಬೇಕಾಯಿತು. 2025ರ ಮೇ ತಿಂಗಳು ಮತ್ತೆ 300 ಮಿ.ಮೀ. ದಾಟಿತು.

ನಮ್ಮ ಸಂಜಯನಗರದ ಸುತ್ತ ಗೆದ್ದಲಹಳ್ಳಿ, ಭೂಪಸಂದ್ರ, ನಾಗಶೆಟ್ಟಿಹಳ್ಳಿಗಳ ಹಳೆಯ ಬೀದಿಗಳಲ್ಲಿ ಹಸು ಕಟ್ಟಿಕೊಂಡವರು ಒಂದು ಕಾಲಕ್ಕೆ ಬಹಳ ಮಂದಿ ಇದ್ದರು. ಈ ಮೂರೂ ಊರುಗಳ ಕೆರೆಗಳು ಇಂದು ಬಡಾವಣೆ, ಕಟ್ಟಡಗಳ ಅಡಿಗೆ ಸೇರಿವೆ. ಹಸು ಬಿಡದೆ ಉಳಿಸಿಕೊಂಡ ಮನೆಗಳಲ್ಲಿ ಮತ್ತು ಹೆಬ್ಬಾಳದಾಚೆ ಯಲಹಂಕ, ರಾಜಾನುಕುಂಟೆ, ಹೆಸರಘಟ್ಟದ ಕಡೆಯ ಸದಸ್ಯರ ಮನೆಗಳಲ್ಲಿ ಈಗ ಎರಡನೆಯ ತಲೆಮಾರು ಕೊಟ್ಟಿಗೆಯ ಜವಾಬ್ದಾರಿ ಹೊತ್ತಿದೆ. ಒಂದು ಮನೆಯನ್ನು ಕಣ್ಣಮುಂದೆ ತಂದುಕೊಳ್ಳಿ. ಗಂಡ ಹಗಲು ಬೇರೆ ಕೆಲಸಕ್ಕೆ ಹೋಗುತ್ತಾನೆ. ಹೆಂಡತಿ ಎರಡು ಸೀಮೆಹಸು ನೋಡಿಕೊಳ್ಳುತ್ತಾಳೆ. ಮನೆಯಲ್ಲಿ ಎರಡು ವರ್ಷದ ಒಂದು ಮಗು, ಬಹುಶಃ ಹೊಟ್ಟೆಯಲ್ಲಿ ಇನ್ನೊಂದು. ಅತ್ತೆ ಇದ್ದರೆ ಪುಣ್ಯ. ಹಾಲಿನ ಬಟವಾಡೆ ಮನೆಯ ದಿನಸಿಗೆ, ಅವನ ಸಂಬಳ ಬಾಡಿಗೆಗೆ ಮತ್ತು ಸಾಲದ ಕಂತಿಗೆ. ಇಂತಹ ಮನೆಗೆ ಹವಾಮಾನ ಎಂದರೆ ಪತ್ರಿಕೆಯ ಸುದ್ದಿ ಮಾತ್ರವಲ್ಲ, ಅದು ಪಾಸ್ ಪುಸ್ತಕದ ಲೆಕ್ಕ. ಈ ಲೇಖನ ಮುಖ್ಯವಾಗಿ ಅವರಿಗಾಗಿ.

ಏನು ಬದಲಾಗಿದೆ?

ಮೊದಲಿಗೆ ಒಂದು ತಪ್ಪು ತಿಳಿವಳಿಕೆ ಬಿಡೋಣ. ನಮ್ಮ ಭಾಗದಲ್ಲಿ ಮಳೆಯೇ ನಿಂತುಹೋಗುತ್ತಿದೆ ಎನ್ನುವುದು ಸರಿಯಲ್ಲ. ಮೇಲಿನ ಅಂಕಿಗಳನ್ನು ನೋಡಿದರೆ ಮಳೆಗೆ ಕೊರತೆಯಿಲ್ಲ, ಹದಕ್ಕೆ ಕೊರತೆ. ಬಿಸಿಯಾದ ಗಾಳಿ ಹೆಚ್ಚು ನೀರಾವಿಯನ್ನು ಹಿಡಿದಿಟ್ಟುಕೊಳ್ಳುತ್ತದೆ, ಒಂದು ಡಿಗ್ರಿ ಏರಿದರೆ ಸುಮಾರು ಶೇಕಡ 7ರಷ್ಟು ಹೆಚ್ಚು. ಆದುದರಿಂದ ಮಳೆ ಬರದ ದಿನಗಳು ಉದ್ದವಾಗಿ, ಬಂದ ದಿನ ಒಮ್ಮೆಗೇ ಸುರಿದುಬಿಡುವುದು ಈಗ ಹೆಚ್ಚು. ಇದರ ಜೊತೆಗೆ ಶಾಂತ ಸಾಗರದ ನೀರು ಬಿಸಿಯಾಗುವ ಎಲ್ ನಿನೋ ವರ್ಷಗಳು ಬರುತ್ತವೆ. 2023 ಅಂತಹ ವರ್ಷ. ಆ ಆಗಸ್ಟ್ ತಿಂಗಳು ಇಡೀ ದೇಶಕ್ಕೆ 1901ರಿಂದೀಚೆಗೆ ಅತ್ಯಂತ ಒಣ ಆಗಸ್ಟ್ ಎನಿಸಿತು.

ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಭರಣಿ ಹುಟ್ಟುವುದು ಏಪ್ರಿಲ್ ಕೊನೆಯ ವಾರ. ಹಿರಿಯರ ನಕ್ಷತ್ರದ ಲೆಕ್ಕ ಸುಳ್ಳು ಎಂದು ನಾನು ಹೇಳುವುದಿಲ್ಲ. ಉಳುವುದು, ಬಿತ್ತುವುದು, ಬಣವೆ ಹಾಕುವುದು ಎಲ್ಲಕ್ಕೂ ಒಂದು ಕ್ರಮ ಕೊಟ್ಟದ್ದು ಅದೇ. ಆದರೆ ಆ ಲೆಕ್ಕ ಹಲವು ವರ್ಷಗಳ ಸರಾಸರಿಯ ಅನುಭವ. ನಿಮ್ಮ ಹಸು ಸರಾಸರಿಯನ್ನು ತಿನ್ನುವುದಿಲ್ಲ, ಈ ವಾರದ ಮೇವನ್ನು ತಿನ್ನುತ್ತದೆ. ಆದುದರಿಂದ ವರ್ಷದ ಯೋಜನೆಗೆ ನಕ್ಷತ್ರ ಇಟ್ಟುಕೊಳ್ಳಿ, ವಾರದ ಕೆಲಸಕ್ಕೆ ಮುನ್ಸೂಚನೆ ನೋಡಿ. ಅದರ ವಿಚಾರ ಮುಂದೆ ಬರುತ್ತದೆ.

ಮಳೆ ಬಂದ ಮೇಲೂ ಹಸು ಏಕೆ ಏದುತ್ತದೆ?

ಈ ಪ್ರಶ್ನೆಯನ್ನು ಅನೇಕ ಸದಸ್ಯರು ಕೇಳುತ್ತಾರೆ. ಮೇ ತಿಂಗಳಲ್ಲಿ ಸಂಜೆ ಒಂದು ಹದ ಮಳೆ ಬಿದ್ದು ನಮಗೆಲ್ಲ ತಂಪೆನಿಸಿದಾಗ ಕೊಟ್ಟಿಗೆಯಲ್ಲಿ ಹಸು ನಾಲಿಗೆ ಹೊರಹಾಕಿ, ಜೊಲ್ಲು ಸುರಿಸುತ್ತ ನಿಂತಿರುತ್ತದೆ. ಜ್ವರವೇ ಎಂದು ಗಾಬರಿ.

ಕಾರಣ ಸರಳ. ನಾವು ಮೈತುಂಬ ಬೆವರುತ್ತೇವೆ, ಬೆವರು ಆರಿದಾಗ ಮೈ ತಣ್ಣಗಾಗುತ್ತದೆ. ಹಸು ನಮ್ಮಷ್ಟು ಬೆವರುವುದಿಲ್ಲ. ಶಾಖದ ಒಂದು ಪಾಲನ್ನು ಉಸಿರಿನ ಮೂಲಕವೂ, ಬಾಯಿ ಮೂಗುಗಳ ತೇವ ಆರಿಸಿ ಹೊರಹಾಕಬೇಕು. ಗಾಳಿಯೇ ತೇವವಾಗಿದ್ದರೆ ಆ ತೇವ ಆರುವುದಿಲ್ಲ. ಅದರ ಮೇಲೆ ಹಸುವಿನ ಹೊಟ್ಟೆಯೊಳಗೆ ಮೇವು ಹುದುಗುವಾಗ ಹುಟ್ಟುವ ಶಾಖ ಬೇರೆ. ಹೆಚ್ಚು ಹಾಲು ಕೊಡುವ ಎಚ್.ಎಫ್. ತಳಿಯ ಹಸು ಹೆಚ್ಚು ತಿನ್ನುತ್ತದೆ, ಆದುದರಿಂದ ಒಳಗಿನ ಒಲೆ ಹೆಚ್ಚು ಉರಿಯುತ್ತದೆ.

ಪಶುವಿಜ್ಞಾನಿಗಳು ಉಷ್ಣಾಂಶ ಮತ್ತು ತೇವಾಂಶ ಎರಡನ್ನೂ ಸೇರಿಸಿ ಒಂದು ಸೂಚ್ಯಂಕ ಲೆಕ್ಕ ಹಾಕುತ್ತಾರೆ. ಅದು 72 ದಾಟಿದರೆ ಸೀಮೆಹಸುವಿಗೆ ತೊಂದರೆ ಆರಂಭ, 80ರ ಹತ್ತಿರ ಬಂದರೆ ಕಷ್ಟ. ಈಗ ಎರಡು ದಿನಗಳನ್ನು ಹೋಲಿಸಿ. ಏಪ್ರಿಲ್‌ನ ಒಣ ಮಧ್ಯಾಹ್ನ, 34 ಡಿಗ್ರಿ ಬಿಸಿಲು, ಗಾಳಿಯಲ್ಲಿ ಶೇಕಡ 25 ತೇವ: ಸೂಚ್ಯಂಕ ಸುಮಾರು 78. ಮೇ ತಿಂಗಳಲ್ಲಿ ಮಳೆ ಬಂದುಹೋದ ಸಂಜೆ, ಉಷ್ಣಾಂಶ 28 ಡಿಗ್ರಿ ಮಾತ್ರ, ತೇವ ಶೇಕಡ 80: ಸೂಚ್ಯಂಕ ಸುಮಾರು 80. ನಿಮಗೆ ತಂಪೆನಿಸಿದ ಸಂಜೆ ಹಸುವಿಗೆ ಉರಿಬಿಸಿಲಿಗಿಂತ ಒಂದು ಕೈ ಹೆಚ್ಚೇ ಕಷ್ಟ. ಮಳೆ ಬಂತೆಂದು ಕೊಟ್ಟಿಗೆಯ ಸುತ್ತ ತಾಡಪಾಲು ಇಳಿಬಿಟ್ಟು ಗಾಳಿ ಕಟ್ಟಿಹಾಕುವುದು ಎಂತಹ ತಪ್ಪು ಎಂದು ಇದರಿಂದ ತಿಳಿಯುತ್ತದೆ. ಎರಚಲು ಬರುವ ಒಂದು ಬದಿ ಮುಚ್ಚಿ, ಎದುರು ಬದಿ ತೆರೆದಿಡಿ.

ಯಂತ್ರ ಬೇಡ, ಕೈಗಡಿಯಾರ ಸಾಕು. ಹಸು ಮಲಗಿರುವಾಗ ಅಥವಾ ಸುಮ್ಮನೆ ನಿಂತಿರುವಾಗ ಅಳ್ಳೆ ಎಷ್ಟು ಸಲ ಏರಿಳಿಯುತ್ತದೆ ಎಂದು ಒಂದು ನಿಮಿಷ ಎಣಿಸಿ. 50ರ ಒಳಗಿದ್ದರೆ ಚಿಂತೆಯಿಲ್ಲ. 60 ದಾಟಿದರೆ ಸೆಕೆ ಹತ್ತಿದೆ. 80 ದಾಟಿದರೆ ಕೂಡಲೇ ಮೈಗೆ ನೀರು, ಗಾಳಿ ಬೇಕು. ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡೇ ಈ ಎಣಿಕೆ ಮಾಡಬಹುದು. ಮಗುವಿಗೂ ಎಣಿಕೆ ಬರುತ್ತದೆ!

ಮೈಗೆ ನೀರು ಹಾಕುವುದರಲ್ಲಿ ಒಂದು ಗುಟ್ಟಿದೆ. ನೀರು ಎರಚಿ ಬಿಟ್ಟರೆ ಪ್ರಯೋಜನ ಅರ್ಧ. ಗಾಳಿ ಆಡದ ಕೊಟ್ಟಿಗೆಯಲ್ಲಿ ತೇವ ಇನ್ನಷ್ಟು ಏರಿ ಹಾನಿಯೇ ಆದೀತು. ಚೆನ್ನಾಗಿ ಮೈ ನೆನೆಸಿ, ಆಮೇಲೆ ಫ್ಯಾನ್ ಹಾಕಿ ಆರಿಸಬೇಕು, ಮತ್ತೆ ನೆನೆಸಬೇಕು. ಸಂಜಯನಗರದಂತಹ ಕಡೆ ಕೊಟ್ಟಿಗೆಯ ಮೂರೂ ಬದಿಗೆ ನಾಲ್ಕಂತಸ್ತಿನ ಮನೆಗಳು ಎದ್ದಿವೆ, ಗಾಳಿ ತಾನಾಗಿ ಬರುವ ಕಾಲ ಹೋಯಿತು. ಒಂದು ಗೋಡೆ ಫ್ಯಾನಿನ ಖರ್ಚು ದುಬಾರಿ ಎನ್ನಬೇಡಿ. ತಗಡಿನ ಸೂರಿದ್ದರೆ ಮೇಲುಭಾಗಕ್ಕೆ ಸುಣ್ಣ ಬಳಿಯಿರಿ, ತೆಂಗಿನ ಗರಿ ಹೊದಿಸಿ.

ಪಾಸ್ ಪುಸ್ತಕ ಹೇಳುವ ಮಾತು

ಸೆಕೆ ಹತ್ತಿದ ದಿನವೇ ಹಾಲು ಕಡಿಮೆಯಾಗುವುದಿಲ್ಲ. ಒಂದರಿಂದ ಮೂರು ದಿನ ಬಿಟ್ಟು ಇಳಿಯುತ್ತದೆ. ಭಾನುವಾರದ ಬಿಸಿಲಿನ ಫಲ ಬುಧವಾರದ ಕ್ಯಾನಿನಲ್ಲಿ ಕಾಣುತ್ತದೆ. ಇದನ್ನು ತಿಳಿಯದೆ ಬುಧವಾರ ಹಾಕಿದ ಹೊಸ ಹಿಂಡಿಯನ್ನು ದೂರುವವರು, ಯಾರೋ ದೃಷ್ಟಿ ಹಾಕಿದರು ಎನ್ನುವವರು ಇದ್ದಾರೆ. ಹಾಲಿನ ಜೊತೆಗೆ ಜಿಡ್ಡಿನ ಅಂಶವೂ ಇಳಿಯಬಹುದು. ಏಕೆಂದರೆ ಸೆಕೆಯಲ್ಲಿ ಹಸು ಹುಲ್ಲು ಬಿಟ್ಟು ಹಿಂಡಿಯನ್ನಷ್ಟೇ ಆರಿಸಿ ತಿನ್ನುತ್ತದೆ, ಮೆಲುಕು ಕಡಿಮೆಯಾಗುತ್ತದೆ. ಆದುದರಿಂದ ಬೇಸಿಗೆಯಲ್ಲಿ ಮೇವಿನ ಹೆಚ್ಚು ಪಾಲನ್ನು ಸಂಜೆ ಏಳರ ನಂತರ ಮತ್ತು ಬೆಳಗಿನ ಜಾವ ಕೊಡಿ. ಹುದುಗುವ ಶಾಖ ರಾತ್ರಿಯ ತಂಪಿನಲ್ಲಿ ಕಳೆಯುತ್ತದೆ.

ಪಾಸ್ ಪುಸ್ತಕದಲ್ಲಿ ಕಾಣದ ನಷ್ಟ ಇನ್ನೂ ದೊಡ್ಡದು. ಸೆಕೆಗಾಲದಲ್ಲಿ ಬೆದೆಯ ಲಕ್ಷಣಗಳು ಮಂದವಾಗುತ್ತವೆ, ಹೆಚ್ಚಾಗಿ ರಾತ್ರಿ ಕಂಡು ಬೆಳಗಾಗುವಷ್ಟರಲ್ಲಿ ಇಳಿದಿರುತ್ತವೆ. ಸೂಜಿ ಕಟ್ಟಿಸಿದರೂ ಗಬ್ಬ ನಿಲ್ಲುವುದು ಕಡಿಮೆ. ಏಪ್ರಿಲ್‌ನಲ್ಲಿ ತಪ್ಪಿದ ಬೆದೆ ಮುಂದಿನ ಜನವರಿಯಲ್ಲಿ ಕರು ಇಲ್ಲದ ಕೊಟ್ಟಿಗೆಯಾಗಿ ಎದುರು ನಿಲ್ಲುತ್ತದೆ. ಮಗುವಿಗೆ ರಾತ್ರಿ ಎದ್ದು ಹಾಲೂಡಿಸುವ ತಾಯಂದಿರು ಕೊಟ್ಟಿಗೆಯತ್ತ ಒಮ್ಮೆ ಕಣ್ಣು ಹಾಯಿಸಿದರೆ ಬೆದೆ ತಪ್ಪುವುದಿಲ್ಲ ಎಂದು ಬರೆಯಲು ಹೊರಟಿದ್ದೆ. ಆದರೆ ನಿದ್ದೆಗೆಟ್ಟ ಆ ಹೆಣ್ಣುಮಗಳಿಗೆ ಇನ್ನೊಂದು ಕೆಲಸ ಹಚ್ಚುವುದು ನ್ಯಾಯವಲ್ಲ. ರಾತ್ರಿ ಹತ್ತಕ್ಕೆ ಮತ್ತು ಬೆಳಗಿನ ಐದಕ್ಕೆ ಕೊಟ್ಟಿಗೆ ನೋಡಿ ಬರುವುದು ಗಂಡಸರ ಕೆಲಸವೆಂದು ಮನೆಯಲ್ಲಿ ಗೊತ್ತುಮಾಡಿಕೊಳ್ಳಿ.

ನೀರು

ಹಾಲಿನಲ್ಲಿ ನೂರಕ್ಕೆ 87 ಪಾಲು ನೀರು. ಕರೆಯುವ ಹಸು ದಿನಕ್ಕೆ 60ರಿಂದ 100 ಲೀಟರ್ ಕುಡಿಯುತ್ತದೆ, ಬೇಸಿಗೆಯಲ್ಲಿ ಅದಕ್ಕೂ ಹೆಚ್ಚು. ದಿನಕ್ಕೆ ಎರಡು ಸಲ ಬಕೆಟ್ ತೋರಿಸುವುದು ಸಾಲದು, ತೊಟ್ಟಿ ನೆರಳಿನಲ್ಲಿದ್ದು ಇಡೀ ದಿನ ತುಂಬಿರಬೇಕು. 2024ರ ಬೇಸಿಗೆಯಲ್ಲಿ ಕೊಳವೆ ಬಾವಿಗಳು ಬತ್ತಿ, ಟ್ಯಾಂಕರ್ ನೀರಿನ ದರವನ್ನು ಬೆಂಗಳೂರಿನಲ್ಲಿ ಜಿಲ್ಲಾಡಳಿತವೇ ನಿಗದಿ ಮಾಡಬೇಕಾಗಿ ಬಂದದ್ದು ನಿಮಗೆ ನೆನಪಿರಬಹುದು.

ಈಗ ಒಂದು ಲೆಕ್ಕ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ನಿಮ್ಮ ಕೊಟ್ಟಿಗೆಯ ಸೂರು 20 ಅಡಿ ಉದ್ದ, 10 ಅಡಿ ಅಗಲವಿದ್ದರೆ ಅದು ಸುಮಾರು ಹದಿನೆಂಟೂವರೆ ಚದರ ಮೀಟರ್. 50 ಮಿ.ಮೀ. ಮಳೆಗೆ ಸೂರಿನಿಂದ 900 ಲೀಟರಿಗೂ ಹೆಚ್ಚು ನೀರು ಇಳಿಯುತ್ತದೆ, ಎರಡು ಹಸುಗಳಿಗೆ ನಾಲ್ಕೈದು ದಿನದ ನೀರು. ದೋಣಿ ಕಟ್ಟಿ ಡ್ರಮ್ಮಿಗೆ ಬಿಟ್ಟರೆ ಅದು ನೀರು. ಬಿಡದೆ ಹೋದರೆ ಅದೇ 900 ಲೀಟರ್ ಕೊಟ್ಟಿಗೆಯ ಬಾಗಿಲಲ್ಲಿ ಬಿದ್ದು ಕೆಸರು. ಕೆಸರಿನಲ್ಲಿ ಮಲಗಿದ ಹಸುವಿಗೆ ಕೆಚ್ಚಲು ಬಾವು, ಅದೇ ಕೆಸರಿನಲ್ಲಿ ಬರಿಗಾಲಲ್ಲಿ ಓಡಾಡುವ ಮಗುವಿಗೆ ಕಜ್ಜಿ, ಹುಳುಬಾಧೆ, ಇಲಿಗಳಿರುವ ಕಡೆ ಇಲಿಜ್ವರ. ಹತ್ತಡಿ ದೋಣಿಯೊಂದು ಇಷ್ಟಕ್ಕೆಲ್ಲ ತಡೆ. ಮೊದಲ ಮಳೆಯ ನೀರು ಸೂರಿನ ಧೂಳನ್ನೆಲ್ಲ ತೊಳೆದು ತರುತ್ತದೆ, ಅದನ್ನು ಹರಿಯಬಿಡಿ.

ಆದರೆ ಹೀಗೆ ತುಂಬಿಸಿಟ್ಟ ನೀರೇ ಡೆಂಗ್ಯೂ ಸೊಳ್ಳೆಯ ತವರು ಎಂಬುದನ್ನೂ ಹೇಳಬೇಕು. ಅದು ಚರಂಡಿಯ ಕೊಳಕು ನೀರಿನ ಸೊಳ್ಳೆಯಲ್ಲ. ಹಸು ಕುಡಿಯುವ ತೊಟ್ಟಿ, ಮುಚ್ಚಳವಿಲ್ಲದ ಡ್ರಮ್, ಕೊಟ್ಟಿಗೆಯ ಮೂಲೆಯ ಹಳೆಯ ಟೈರು ಇವುಗಳ ತಿಳಿನೀರಿನಲ್ಲಿ ಮೊಟ್ಟೆಯಿಡುತ್ತದೆ, ಹಗಲು ಹೊತ್ತೇ ಕಚ್ಚುತ್ತದೆ. ಮೊಟ್ಟೆ ಸೊಳ್ಳೆಯಾಗಲು ಏಳರಿಂದ ಹತ್ತು ದಿನ ಬೇಕು. ಆದುದರಿಂದ ವಾರಕ್ಕೊಮ್ಮೆ ತೊಟ್ಟಿ ಬರಿದುಮಾಡಿ, ಒಳಗೋಡೆ ಉಜ್ಜಿ, ಒಂದು ಗಂಟೆ ಬಿಸಿಲಿಗೆ ಒಣಗಿಸಿದರೆ ಸಂತತಿ ಅಲ್ಲಿಗೇ ನಿಲ್ಲುತ್ತದೆ. 2024ರಲ್ಲಿ ನಮ್ಮ ರಾಜ್ಯ ಡೆಂಗ್ಯೂವನ್ನು ಸಾಂಕ್ರಾಮಿಕ ರೋಗವೆಂದೇ ಘೋಷಿಸಿತು. ಮಳೆ ಬಂದು ಬಿಟ್ಟು ಬಂದು ಬಿಟ್ಟು ಆಡುವ ವರ್ಷಗಳೇ ಈ ಸೊಳ್ಳೆಗೆ ಸುಗ್ಗಿ.

ಮಗುವಿಗೂ ಅದೇ ಸೆಕೆ

ಸಂಜೆ ಹಾಲು ಕರೆಯುವ ಹೊತ್ತು ನಾಲ್ಕೂವರೆ, ಐದು ಗಂಟೆ. ತಗಡಿನ ಸೂರು ಇನ್ನೂ ಕಾದಿರುತ್ತದೆ. ಮಗುವನ್ನು ಕೊಟ್ಟಿಗೆಯಲ್ಲೇ ಜೋಲಿ ಕಟ್ಟಿ ಮಲಗಿಸುವುದು ನಮ್ಮಲ್ಲಿ ಸಾಮಾನ್ಯ. ಹಸು 60 ಸಲ ಏದುವ ಜಾಗ ಮಗು ಮಲಗುವ ಜಾಗವಲ್ಲ, ಇಷ್ಟು ನೆನಪಿಟ್ಟರೆ ಸಾಕು. ಚಿಕ್ಕ ಮಗು ಸೆಕೆಯನ್ನು ಬಾಯಿಬಿಟ್ಟು ಹೇಳುವುದಿಲ್ಲ, ಮಂಕಾಗುತ್ತದೆ. ಮೂತ್ರ ಕಡಿಮೆಯಾಗುವುದು, ಬಾಯಿ ಒಣಗುವುದು, ಅತ್ತರೆ ಕಣ್ಣೀರು ಬಾರದಿರುವುದು, ನೆತ್ತಿ ಒಳಗೆ ಹೋದಂತೆ ಕಾಣುವುದು ಇವು ಮೈಯ ನೀರು ಆರಿದ ಗುರುತುಗಳು. ಆರು ತಿಂಗಳ ಒಳಗಿನ ಮಗುವಿಗೆ ಎಷ್ಟೇ ಸೆಕೆಯಿದ್ದರೂ ನೀರು ಬೇಡ, ಎದೆಹಾಲನ್ನೇ ಹೆಚ್ಚು ಸಲ ಕೊಡಬೇಕು. ತಾಯಿ ತಾನು ಹೆಚ್ಚು ನೀರು, ಮಜ್ಜಿಗೆ ಕುಡಿಯಬೇಕು. ಹಸುವಿನ ತೊಟ್ಟಿ ತುಂಬಿಸಿದವರು ತಾವು ಒಂದು ಲೋಟ ಕುಡಿದೆವೇ ಎಂದು ಕೇಳಿಕೊಳ್ಳುವುದೇ ಇಲ್ಲ.

ಭೇದಿ ಹತ್ತಿದರೆ ಓ.ಆರ್.ಎಸ್. ಪೊಟ್ಟಣವನ್ನು ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಪೂರ್ತಿ ಹಾಕಿ, 24 ಗಂಟೆಯೊಳಗೆ ಬಳಸಿ, ಎದೆಹಾಲು ನಿಲ್ಲಿಸಬೇಡಿ. ಮಂಕು ಹೆಚ್ಚಿದರೆ, ಕುಡಿದದ್ದು ನಿಲ್ಲದಿದ್ದರೆ ಕಾಯದೆ ಆಸ್ಪತ್ರೆಗೆ ನಡೆಯಿರಿ.

ಒದ್ದೆ ಹಿಂಡಿ, ಬೂಷ್ಟು ಹಿಡಿದ ಹುಲ್ಲು

ಈಗ ಹೇಳುವ ವಿಷಯಕ್ಕೆ ಸ್ವಲ್ಪ ಹೆಚ್ಚು ಗಮನ ಕೊಡಿ. 2021ರ ನವೆಂಬರ್‌ನಲ್ಲಿ ಕೊಯ್ಲಿಗೆ ನಿಂತ ರಾಗಿ ನಮ್ಮ ಜಿಲ್ಲೆಗಳಲ್ಲಿ ನೀರಿನಲ್ಲಿ ಮಲಗಿತು. ತೆನೆ ಮೊಳಕೆ ಬಂತು, ಹುಲ್ಲು ಕಪ್ಪಾಯಿತು. ಹೊಟ್ಟೆಗಿಲ್ಲದ ಕಾಲದಲ್ಲಿ ಕಪ್ಪು ಹುಲ್ಲೂ ಹುಲ್ಲೇ ಎಂದು ಬಹಳ ಮಂದಿ ಅದನ್ನೇ ಹಾಕುತ್ತಾರೆ. ಮಳೆಗಾಲದಲ್ಲಿ ಚೀಲದ ಅಡಿ ಒದ್ದೆಯಾದ ಕಡಲೆಕಾಯಿ ಹಿಂಡಿ, ಮುಸುಕಿನ ಜೋಳವನ್ನು ಬಿಸಿಲಿಗೆ ಹರವಿ, ಮೇಲಿನ ಹಸಿರು ಬೂಷ್ಟು ಕೊಡವಿ ಹಾಕುವುದೂ ಉಂಟು.

ಆ ಬೂಷ್ಟಿನಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ಬೂಷ್ಟು ಕೊಡವಿದರೂ ವಿಷ ಹಿಂಡಿಯಲ್ಲೇ ಉಳಿಯುತ್ತದೆ. ಹಸು ತಿಂದ ಒಂದು ದಿನದೊಳಗೆ ಅದರ ಒಂದು ಪಾಲು ರೂಪ ಬದಲಿಸಿಕೊಂಡು ಹಾಲಿಗೆ ಬರುತ್ತದೆ. ಹಾಲು ಕುದಿಸಿದರೂ ಹೋಗುವುದಿಲ್ಲ. ಯಕೃತ್ತಿಗೆ ಹಾನಿ ಮಾಡುವ ಈ ವಿಷಕ್ಕೆ ನಮ್ಮ ಆಹಾರ ಸುರಕ್ಷತಾ ನಿಯಮ ಒಂದು ಕೆ.ಜಿ. ಹಾಲಿಗೆ 0.5 ಮೈಕ್ರೋಗ್ರಾಂ ಮಾತ್ರ ಮಿತಿ ಇಟ್ಟಿದೆ. ಒಂದು ಗ್ರಾಮನ್ನು ಹತ್ತು ಲಕ್ಷ ಪಾಲು ಮಾಡಿ ಅದರಲ್ಲಿ ಅರ್ಧ ಪಾಲು! ಸಂಘಕ್ಕೆ ಹಾಕುವ ಹಾಲು ಸಾವಿರಾರು ಲೀಟರಿನಲ್ಲಿ ಬೆರೆಯುತ್ತದೆ, ಅದು ಸರಿಯೆಂದು ಹೇಳುತ್ತಿಲ್ಲ. ಆದರೆ ಮನೆಗೆ ಉಳಿಸಿಕೊಂಡ ಅರ್ಧ ಲೀಟರ್ ಬೆರೆಯುವುದಿಲ್ಲ. ಅದು ನೇರವಾಗಿ ನಿಮ್ಮ ಮಗುವಿನ ಲೋಟಕ್ಕೆ ಹೋಗುತ್ತದೆ. ಕೆಟ್ಟ ಹಿಂಡಿ ನಿಲ್ಲಿಸಿದರೆ ಮೂರು ನಾಲ್ಕು ದಿನದಲ್ಲಿ ಹಾಲು ಶುದ್ಧವಾಗುತ್ತದೆ ಎಂಬುದೊಂದು ಸಮಾಧಾನ.

ಹಿಂಡಿ ಚೀಲಗಳನ್ನು ನೆಲಕ್ಕೆ ತಾಗದಂತೆ ಹಲಗೆಯ ಮೇಲೆ, ಗೋಡೆಯಿಂದ ಒಂದು ಅಡಿ ಬಿಟ್ಟು ಇಡಿ. ಮಳೆಗಾಲದಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ತಿಂಗಳಾನುಗಟ್ಟಲೆ ಹಿಂಡಿ ತುಂಬಬೇಡಿ, ಎರಡು ವಾರಕ್ಕೆ ಆಗುವಷ್ಟು ತನ್ನಿ. ಮುಗ್ಗಲು ವಾಸನೆ ಬಂದದ್ದನ್ನು ತಿಪ್ಪೆಗೆ ಹಾಕಿ. ಸಾವಿರ ರೂಪಾಯಿಯ ಚೀಲ ತಿಪ್ಪೆಗೆ ಹಾಕಲು ಕೈ ಬಾರದು, ನನಗೂ ಗೊತ್ತು.

ಒಂದು ಟನ್ ಹುಲ್ಲಿನ ಧೈರ್ಯ

ಒಂದು ಹಸುವಿಗೆ ದಿನಕ್ಕೆ ಆರು ಕೆ.ಜಿ. ರಾಗಿ ಹುಲ್ಲು. ಎರಡು ಹಸುವಿಗೆ ತೊಂಬತ್ತು ದಿನಕ್ಕೆ ಸುಮಾರು ಒಂದು ಟನ್. ನಿಮ್ಮ ಮಾಮೂಲು ಖರ್ಚಿನ ಮೇಲೆ ಈ ಒಂದು ಟನ್ ಸದಾ ಇದ್ದರೆ, ಮಳೆ ಮೂರು ತಿಂಗಳು ತಡವಾದರೂ ಹಸು ಮಾರುವ ಯೋಚನೆ ಬೇಡ. ಬರಗಾಲದಲ್ಲಿ ಹಸು ಹೋಗುವುದು ಕಾಯಿಲೆಯಿಂದಲ್ಲ, ಹುಲ್ಲಿನ ಬೆಲೆಯಿಂದ. ಎಲ್ಲರೂ ಒಮ್ಮೆಗೇ ಮಾರುವುದರಿಂದ ಹಸುವಿನ ಬೆಲೆ ಬೀಳುತ್ತದೆ, ಎಲ್ಲರೂ ಒಮ್ಮೆಗೇ ಕೊಳ್ಳುವುದರಿಂದ ಹುಲ್ಲಿನ ಬೆಲೆ ಏರುತ್ತದೆ. ಮಳೆ ಬಂದ ಮೇಲೆ ಅದೇ ಹಸುವನ್ನು ಮತ್ತೆ ಕೊಳ್ಳಲು ಆ ಹಣ ಸಾಲದು. ಎಳೆಯ ಸಂಸಾರವೊಂದು ಹೈನುಗಾರಿಕೆ ಬಿಟ್ಟುಹೋಗುವುದು ಹೆಚ್ಚಾಗಿ ಈ ಬಾಗಿಲಿನಿಂದಲೇ.

ಹುಲ್ಲು ಕೊಳ್ಳುವ ಕಾಲ ಡಿಸೆಂಬರ್, ಜನವರಿ. ಕಣ ಮುಗಿದು ಬೆಲೆ ಇಳಿದಿರುವಾಗ. ಪಟ್ಟಣದ ಕೊಟ್ಟಿಗೆಯಲ್ಲಿ ಜಾಗವಿಲ್ಲ ಎನ್ನುತ್ತೀರಿ, ನಿಜ. ತವರಿನಲ್ಲೋ, ಅಣ್ಣತಮ್ಮಂದಿರ ಹೊಲದಲ್ಲೋ ಬಣವೆ ಹಾಕಿಸಿ, ಅಡಿಗೆ ಕಲ್ಲು ಜೋಡಿಸಿ, ಮೇಲೆ ತಾಡಪಾಲು ಕಟ್ಟಿಸಿ. ಹೊಲವಿರುವವರು ಇನ್ನೊಂದು ಮಾತು ಗಮನಿಸಿ. ಮಳೆ ತಡವಾದಾಗ ಅಲ್ಪಾವಧಿ ರಾಗಿ ಬಿತ್ತುವುದು ಕಾಳಿನ ದೃಷ್ಟಿಯಿಂದ ಸರಿ, ಆದರೆ ದೀರ್ಘಾವಧಿ ತಳಿಯಷ್ಟು ಹುಲ್ಲು ಅದರಲ್ಲಿ ಸಾಮಾನ್ಯವಾಗಿ ಬರುವುದಿಲ್ಲ. ಆ ವರ್ಷದ ಹುಲ್ಲಿನ ಕೊರತೆಯನ್ನು ಆಗಲೇ ಲೆಕ್ಕ ಹಾಕಿ.

ಮಳೆ ಚೆನ್ನಾಗಿ ಬಂದ ತಿಂಗಳಲ್ಲಿ ಮುಸುಕಿನ ಜೋಳ ಹೆಚ್ಚಾಗಿ ಬೆಳೆದಿದ್ದರೆ ರಸಮೇವು ಮಾಡಿ. ಕಾಳು ಹಾಲುತುಂಬಿ ಗಟ್ಟಿಯಾಗತೊಡಗಿದಾಗ ಕೊಯ್ದು, ಒಂದು ಅಂಗುಲಕ್ಕೆ ಕತ್ತರಿಸಿ, ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಗಾಳಿ ಉಳಿಯದಂತೆ ತುಳಿದು ಬಿಗಿದರೆ 45 ದಿನಕ್ಕೆ ಸಿದ್ಧ. ಬಿಡಿ ಚೀಲಗಳಾದರೆ ಒಂದೊಂದನ್ನೇ ಬಿಚ್ಚಬಹುದು, ಎರಡು ಹಸುವಿನ ಮನೆಗೆ ಗುಂಡಿಗಿಂತ ಇದೇ ಅನುಕೂಲ. ಒಣಹುಲ್ಲು ಸತ್ವಹೀನವಾಗಿದ್ದರೆ ಯೂರಿಯಾ ಉಪಚಾರ ಹಳೆಯ ವಿಧಾನ: 100 ಕೆ.ಜಿ. ಹುಲ್ಲಿಗೆ ನಾಲ್ಕು ಕೆ.ಜಿ. ಯೂರಿಯಾ, 40ರಿಂದ 50 ಲೀಟರ್ ನೀರಿನಲ್ಲಿ ಕರಗಿಸಿ ಚಿಮುಕಿಸಿ, 21 ದಿನ ಗಾಳಿಯಾಡದಂತೆ ಮುಚ್ಚಿಡುವುದು. ಇದನ್ನು ಆರು ತಿಂಗಳ ಒಳಗಿನ ಕರುಗಳಿಗೆ ಹಾಕಬಾರದು. ಮೊದಲ ಸಲ ಮಾಡುವವರು ನಮ್ಮ ವಿಸ್ತರಣಾಧಿಕಾರಿಗಳ ಎದುರಿಗೇ ಮಾಡುವುದು ಒಳ್ಳೆಯದು. ಬೂಷ್ಟು ಹಿಡಿದ ಹುಲ್ಲನ್ನು ಯಾವ ಉಪಚಾರವೂ ಸರಿಮಾಡದು.

ಒಂದು ಎಚ್ಚರಿಕೆ ಮರೆಯಬೇಡಿ. ಮಳೆ ಕೈಕೊಟ್ಟು ಬಾಡಿದ ಬಿಳಿಜೋಳದ ಎಳೆಯ ಪೈರಿನಲ್ಲಿ, ಮತ್ತು ಬಾಡಿದ ನಂತರ ಒಂದು ಮಳೆಗೆ ಹೊಸದಾಗಿ ಚಿಗುರಿದ ಕುಳೆಯಲ್ಲಿ ಸಯನೈಡ್ ವಿಷ ಸೇರಿಕೊಂಡಿರುತ್ತದೆ. ಬಹಳ ದಿನ ಹಸಿರು ಕಾಣದ ಹಸು ಅದಕ್ಕೆ ಬಾಯಿ ಹಾಕಿದರೆ ನಿಮಿಷಗಳಲ್ಲಿ ನೆಲಕ್ಕೆ ಬೀಳಬಹುದು. ಐವತ್ತು ದಿನ ತುಂಬದ, ಹೂ ಬಾರದ ಜೋಳವನ್ನು ಹಸಿಯಾಗಿ ಹಾಕಬೇಡಿ. ತಿಂದುಬಿಟ್ಟರೆ ಮನೆಮದ್ದು ಹುಡುಕದೆ 1962ಕ್ಕೆ ಕರೆಮಾಡಿ. ಅದು ಪಶುಪಾಲನಾ ಇಲಾಖೆಯ ಸಂಚಾರಿ ಚಿಕಿತ್ಸಾ ವಾಹನದ ಸಂಖ್ಯೆ.

ಮುನ್ಸೂಚನೆಯನ್ನು ಓದುವ ಬಗೆ

ಪ್ರತಿ ಮಂಗಳವಾರ ಮತ್ತು ಶುಕ್ರವಾರ ಹವಾಮಾನ ಇಲಾಖೆ ಮತ್ತು ಕೃಷಿ ವಿಶ್ವವಿದ್ಯಾಲಯ ಸೇರಿ ರೈತರಿಗೆ ಮುಂದಿನ ದಿನಗಳ ಸಲಹೆ ಹೊರಡಿಸುತ್ತವೆ. ನಮ್ಮ ಭಾಗಕ್ಕೆ ಅದು ಜಿ.ಕೆ.ವಿ.ಕೆ.ಯಿಂದ ಬರುತ್ತದೆ. ಮೊಬೈಲಿನಲ್ಲಿ ಮೇಘದೂತ್ ಎಂಬ ಆ್ಯಪ್‌ನಲ್ಲಿ ಕನ್ನಡದಲ್ಲೇ ಓದಬಹುದು. ಮಂಗಳವಾರ ಸಂಜೆ ಹಾಲು ಹಾಕಲು ಬಂದಾಗ ನಿಮ್ಮ ಸಂಘದ ಹಲಗೆಯ ಮೇಲೆ ಬರೆದಿಡುವಂತೆ ಕಾರ್ಯದರ್ಶಿಗಳನ್ನು ಕೇಳಿ. ಮೊಬೈಲು ಗಂಡನ ಜೇಬಿನಲ್ಲಿ ಹೊರಗೆ ಹೋಗಿರುತ್ತದೆ, ಹಲಗೆ ಎಲ್ಲರಿಗೂ ಕಾಣುತ್ತದೆ.

ಭಾರಿ ಮಳೆ ಎಂದು ಇಲಾಖೆ ಹೇಳಿದರೆ 24 ಗಂಟೆಯಲ್ಲಿ 64.5 ಮಿ.ಮೀ. ಅಥವಾ ಹೆಚ್ಚು ಎಂದರ್ಥ. ಮೇಲಿನ ಸೂರಿನ ಲೆಕ್ಕದಲ್ಲಿ ಅದು ಸುಮಾರು 1,200 ಲೀಟರ್. ಹಳದಿ ಎಂದರೆ ಗಮನವಿಡಿ, ಕಿತ್ತಳೆ ಎಂದರೆ ಸಿದ್ಧರಾಗಿ, ಕೆಂಪು ಎಂದರೆ ಕ್ರಮ ಕೈಗೊಳ್ಳಿ. ಕಿತ್ತಳೆ ಬಂದ ದಿನ ಹಿಂಡಿ ಎತ್ತರಕ್ಕಿಡಿ, ಚರಂಡಿ ಬಿಡಿಸಿ, ರಾತ್ರಿಯ ಹಗ್ಗವನ್ನು ಕೂಡಲೇ ಬಿಚ್ಚಲು ಬರುವಂತೆ ಕಟ್ಟಿ. ಎರಡು ದಿನಕ್ಕಾಗುವ ಕತ್ತರಿಸಿದ ಮೇವು ಒಳಗಿರಲಿ. ಏಪ್ರಿಲ್, ಮೇ ತಿಂಗಳ ಸಂಜೆಯ ಗುಡುಗಿಗೆ ಬೇರೆಯೇ ಎಚ್ಚರ ಬೇಕು. ಮಿಂಚು ಕಂಡು 30 ಎಣಿಸುವಷ್ಟರಲ್ಲಿ ಗುಡುಗು ಕೇಳಿದರೆ ಸಿಡಿಲು ನಿಮ್ಮ ಹತ್ತಿರವಿದೆ. ಒಂಟಿ ಮರದಡಿ, ತಂತಿ ಬೇಲಿಗೆ ಹಸು ಕಟ್ಟಬೇಡಿ. ಹಸು ಬಿಚ್ಚಿ ತರಲು ಆಗ ಹೊರಗೆ ಓಡಲೂಬೇಡಿ. ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಕಾಯಿರಿ. ಹಸುವಿಗೆ ವಿಮೆ ಇದೆ. ಮಗುವಿನ ತಾಯಿ ತಂದೆಯ ಜಾಗಕ್ಕೆ ಬೇರೆಯವರಿಲ್ಲ.

ವಿಮೆ ಎಂದಾಗ ನೆನಪಾಯಿತು. ಮಳೆಗಾಲಕ್ಕೆ ಮುಂಚೆ ಗಂಟಲು ಬೇನೆ, ಚಪ್ಪೆ ರೋಗದ ಲಸಿಕೆ, ಆರು ತಿಂಗಳಿಗೊಮ್ಮೆ ಕಾಲುಬಾಯಿ ಲಸಿಕೆ ಹಾಕಿಸುವುದು ನಿಮಗೆ ಗೊತ್ತೇ ಇದೆ. 2022ರ ಆ ಮಳೆಯ ವರ್ಷವೇ ಚರ್ಮಗಂಟು ರೋಗ ರಾಜ್ಯದಲ್ಲಿ ವ್ಯಾಪಕವಾಗಿ ಹಬ್ಬಿತು. ನೊಣ, ಸೊಳ್ಳೆ, ಉಣ್ಣೆಗಳೇ ಅದನ್ನು ಹರಡುವುದು. ಅದರ ಲಸಿಕೆಯನ್ನು ವರ್ಷಕ್ಕೊಮ್ಮೆ ಮರೆಯದೆ ಹಾಕಿಸಿ. ಲಸಿಕೆಗೂ ವಿಮೆಗೂ ಹಸುವಿನ ಕಿವಿಯೋಲೆಯ 12 ಅಂಕಿಗಳೇ ಗುರುತು. ಓಲೆ ಬಿದ್ದುಹೋಗಿದ್ದರೆ ಪರಿಹಾರ ಕೇಳುವಾಗ ತೊಡಕಾಗುತ್ತದೆ. ಇಂದು ಸಂಜೆ ಕರೆಯುವಾಗ ನಿಮ್ಮ ಎರಡೂ ಹಸುಗಳ ಕಿವಿ ನೋಡಿ, ಸಂಖ್ಯೆಯನ್ನು ಮಗುವಿನ ಲಸಿಕೆ ಕಾರ್ಡಿನ ಹಿಂದೆಯೇ ಬರೆದಿಡಿ. ಆ ಕಾರ್ಡು ಮಾತ್ರ ಯಾವ ಮನೆಯಲ್ಲೂ ಕಳೆದುಹೋಗುವುದಿಲ್ಲ.